ಸಂಡೇ ಸ್ಕೂಲ್ ನಾಟಕಕ್ಕೆ ರಾಬಿನ್ ಹುಡ್: ಕ್ರೈಸ್ತರ ಕಣ್ಣಲ್ಲಿ ಇವನು ಎಂಥ ಮನುಷ್ಯ?

ಯುವಸಂಘದ ಅಕ್ಕ:

ಎಲ್ಲರಿಗೂ ವಂದನೆ. ನಿಮ್ಮಿಂದ ಒಂದು ಸಹಾಯ ಬೇಕಿತ್ತು.

ಬೇಸಿಗೆ ರಜೆಯ ಕೊನೆಗೆ ನಮ್ಮ ಸಭೆಯ ಸಂಡೇ ಸ್ಕೂಲ್ ಮಕ್ಕಳು ಪ್ರತಿ ವರ್ಷ ಒಂದು ನಾಟಕ ಆಡುತ್ತಾರೆ. ಯೋಸೇಫ, ದಾನಿಯೇಲ, ಎಸ್ತೇರಳ ಕಥೆ ಎಲ್ಲ ಆಗಿದೆ. ಈ ಸಲ ಮಕ್ಕಳೇ ರಾಬಿನ್ ಹುಡ್ ಬೇಕು ಅಂತ ಹಟ ಹಿಡಿದರು. ನನಗೂ ಖುಷಿಯಾಯಿತು. ಚಿಕ್ಕಂದಿನಲ್ಲಿ ಅಪ್ಪ ಹೇಳುತ್ತಿದ್ದ ಕಥೆ ಅದು. ಇಂಗ್ಲೆಂಡಿನ ಕಾಡಿನಲ್ಲಿದ್ದು, ಉಳ್ಳವರಿಂದ ಕಸಿದು ಇಲ್ಲದವರಿಗೆ ಕೊಟ್ಟವನು. ಮಕ್ಕಳು ಬಿದಿರು ಸೀಳಿ ಬಿಲ್ಲು ಮಾಡಿಯೂ ಆಗಿದೆ.

ಮೊನ್ನೆ ಪ್ರಾಕ್ಟೀಸ್ ಹೊತ್ತಿಗೆ ಸಭೆಯ ಹಿರಿಯರೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪೂರ್ತಿ ನೋಡಿದರು. ಬೈಯಲಿಲ್ಲ. ಹೋಗುವಾಗ ನನ್ನನ್ನು ಹತ್ತಿರ ಕರೆದು, "ಕದಿಯಬಾರದು ಅಂತ ಬೆಳಿಗ್ಗೆ ಬಾಯಿಪಾಠ ಮಾಡಿಸ್ತೀಯ. ಸಂಜೆ ಕದ್ದವನಿಗೆ ಚಪ್ಪಾಳೆ ತಟ್ಟಿಸ್ತೀಯ. ಮಕ್ಕಳು ಯಾವುದನ್ನ ನೆನಪಿಟ್ಕೊಳ್ತಾರೆ ಹೇಳಮ್ಮಾ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿ ಕೂತಿದೆ.

ಅವನು ಒಳ್ಳೆಯವನಾ, ಕೆಟ್ಟವನಾ? ಸಿನಿಮಾದ ರಾಬಿನ್ ಹುಡ್ ಬೇಡ. ಹಳೇ ಕಥೆಯಲ್ಲಿ ಅವನು ಹೇಗಿದ್ದ, ನಮ್ಮ ನಂಬಿಕೆಯ ಪ್ರಕಾರ ಅವನನ್ನು ಹೇಗೆ ನೋಡಬೇಕು, ತಿಳಿದವರು ದಯವಿಟ್ಟು ಹೇಳಿ.


ಲೀಡ್ಸ್ ಕನ್ನಡಿಗ:

ಅಕ್ಕಾ, ನಾನು ಇರುವ ಊರು ರಾಬಿನ್ ಹುಡ್‌ನ ಸೀಮೆಯಲ್ಲೇ ಇದೆ. ಎಲ್ಲರೂ ಶೆರ್ವುಡ್ ಕಾಡು ಅನ್ನುತ್ತಾರೆ. ಆದರೆ ಹಳೇ ಲಾವಣಿಗಳಲ್ಲಿ ಯಾರ್ಕ್‌ಷೈರ್‌ನ ಬಾರ್ನ್ಸ್‌ಡೇಲ್ ಕೂಡ ಅಷ್ಟೇ ಬರುತ್ತದೆ. ಉತ್ತರಕ್ಕೆ ಹೋಗುವ ದೊಡ್ಡ ರಸ್ತೆ ಅಲ್ಲೇ ಹಾಯುತ್ತಿತ್ತು. ದರೋಡೆಗೆ ಹೇಳಿ ಮಾಡಿಸಿದ ಜಾಗ. ಇಲ್ಲಿಗೆ ಬಂದ ಮೇಲೆ ಆ ಲಾವಣಿಗಳನ್ನು ಕೂತು ಓದಿದೆ. ಓದಿದ ಮೇಲೆ ನನ್ನ ತಲೆಯಲ್ಲಿದ್ದ ರಾಬಿನ್ ಹುಡ್ ಪೂರ್ತಿ ಬದಲಾದ.

ಮೊದಲನೆಯದಾಗಿ, ಅವನು ಜಮೀನು ಕಳೆದುಕೊಂಡ ದೊರೆಮಗ ಅಲ್ಲ. ಅವನನ್ನು ಹಂಟಿಂಗ್ಟನ್‌ನ ಅರ್ಲ್ ಮಾಡಿದ್ದು 1598ರ ಹೊತ್ತಿಗೆ ಬಂದ ನಾಟಕಗಳು. ಹಳೇ ಲಾವಣಿಯಲ್ಲಿ ಅವನು ಯೋಮನ್. ಅಂದರೆ ಕೂಲಿಯವನೂ ಅಲ್ಲ, ಒಡೆಯನೂ ಅಲ್ಲ, ನಡುವಿನವನು.

ಎರಡನೆಯದು ನಿಮಗೆ ಆಶ್ಚರ್ಯ ಆಗಬಹುದು. ಅವನು ಬಹಳ ಭಕ್ತ. 1500ರ ಆಚೀಚೆ ಅಚ್ಚಾದ ಒಂದು ದೊಡ್ಡ ಲಾವಣಿ ಇದೆ, 456 ನುಡಿಗಳದ್ದು. ಅದರಲ್ಲಿ ಅವನು ಊಟಕ್ಕೆ ಮುಂಚೆ ದಿನಕ್ಕೆ ಮೂರು ಪೂಜೆ ಕೇಳುತ್ತಾನೆ. ಒಂದು ತಂದೆಯ ಹೆಸರಲ್ಲಿ, ಒಂದು ಪವಿತ್ರಾತ್ಮನ ಹೆಸರಲ್ಲಿ, ಮೂರನೆಯದು ಮಾತೆ ಮರಿಯಳ ಹೆಸರಲ್ಲಿ. ಮರಿಯಳ ಮೇಲೆ ಅವನಿಗೆ ಎಲ್ಲರಿಗಿಂತ ಜಾಸ್ತಿ ಪ್ರೀತಿ. ಆ ಪ್ರೀತಿಗೇ ಕಟ್ಟುಬಿದ್ದು, ಹೆಂಗಸರು ಇರುವ ಗುಂಪಿಗೆ ಅವನು ಕೈ ಹಾಕುವುದಿಲ್ಲ. ನೇಗಿಲು ಹಿಡಿಯುವ ರೈತನನ್ನು ಮುಟ್ಟಬೇಡಿ ಅಂತ ತನ್ನವರಿಗೆ ಹೇಳುತ್ತಾನೆ. ಬಿಷಪ್ಪರು, ಆರ್ಚ್‌ಬಿಷಪ್ಪರು ಸಿಕ್ಕರೆ ಮಾತ್ರ ಹೊಡೆದು ಕಟ್ಟಿಹಾಕಿ ಅನ್ನುತ್ತಾನೆ.

ಮೂರನೆಯದು, ಬಡವರಿಗೆ ಹಂಚುವ ವಿಷಯ. ಅಷ್ಟು ದೊಡ್ಡ ಲಾವಣಿಯಲ್ಲಿ ಅವನು ಹಳ್ಳಿಗೆ ಹೋಗಿ ಬಡವರಿಗೆ ದುಡ್ಡು ಹಂಚುವ ಒಂದು ದೃಶ್ಯವೂ ಇಲ್ಲ. ಕಟ್ಟಕಡೆಯ ನುಡಿಯಲ್ಲಿ, ಅವನು ಒಳ್ಳೆಯ ಔಟ್‌ಲಾ (ಕಾನೂನಿನ ಹೊರಗೆ ಹಾಕಲ್ಪಟ್ಟವನು) ಆಗಿದ್ದ, ಬಡವರಿಗೆ ಬಹಳ ಒಳ್ಳೆಯದು ಮಾಡಿದ ಅಂತ ಬರುತ್ತದೆ, ಅಷ್ಟೇ. ಉಳ್ಳವರಿಂದ ಮಾತ್ರ ಕಸಿಯುತ್ತಿದ್ದ, ಬಡವರಿಗೆ ಕೊಡುತ್ತಿದ್ದ ಅಂತ ಬಿಡಿಸಿ ಬರೆದದ್ದು ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್, 1521ರಲ್ಲಿ. ಕಳ್ಳತನವನ್ನು ತಾನು ಒಪ್ಪುವುದಿಲ್ಲ ಅಂತ ಹೇಳಿಯೇ, ಕಳ್ಳರಲ್ಲೆಲ್ಲ ಇವನೇ ದಯೆ ಉಳ್ಳವನು ಅಂತ ಅವನು ಹೊಗಳಿದ.


ಬಲ್ಮಠದ ಮೊಮ್ಮಗ:

ಆ ಹಿರಿಯರು ಕೇಳಿದ್ದು ಸರಿಯಾಗಿಯೇ ಇದೆ. ಸತ್ಯವೇದದಲ್ಲಿ ಈ ವಿಷಯಕ್ಕೆ ನೇರ ಉತ್ತರ ಇದೆ. ಎಫೆಸದವರಿಗೆ ಬರೆದ ಪತ್ರ, 4ನೇ ಅಧ್ಯಾಯ, 28ನೇ ವಚನ. ಕಳ್ಳತನ ಮಾಡುತ್ತಿದ್ದವನು ಇನ್ನು ಕದಿಯದೆ, ಸ್ವಂತ ಕೈಯಿಂದ ದುಡಿಯಲಿ, ಇಲ್ಲದವರಿಗೆ ಕೊಡಲು ಅವನ ಕೈಯಲ್ಲಿ ಏನಾದರೂ ಇರಲಿ ಅಂತ ಪೌಲನು ಹೇಳುತ್ತಾನೆ. ಗಮನಿಸಿ. ಬಡವರಿಗೆ ಕೊಡಬೇಕು ಅನ್ನುವುದು ಪೌಲನಿಗೂ ಬೇಕು. ಆದರೆ ಕೊಡುವ ದುಡ್ಡು ದುಡಿದದ್ದಾಗಿರಬೇಕು. ಇನ್ನೊಬ್ಬರ ಜೇಬಿಗೆ ಕೈ ಹಾಕಿ ನಾನು ದಾನಿ ಆಗಲು ಬರುವುದಿಲ್ಲ.

ಸಂತ ಅಗಸ್ಟೀನರು ಸುಳ್ಳಿನ ಬಗ್ಗೆ ಬರೆಯುವಾಗ ಇದೇ ಪ್ರಶ್ನೆ ಎತ್ತಿದ್ದಾರೆ. ಬಡವರಿಗೆ ಕೊಡಲು ನಮ್ಮಲ್ಲಿ ಏನಾದರೂ ಇರಲಿ ಅಂತ ಶ್ರೀಮಂತರ ಹತ್ತಿರ ಕದಿಯೋಣ ಅಂತ ಯಾರಾದರೂ ಹೇಳುತ್ತಾರಾ ಅಂತ ಕೇಳುತ್ತಾರೆ. ರಾಬಿನ್ ಹುಡ್‌ನ ಹೆಸರು ಹುಟ್ಟುವುದಕ್ಕೆ ಎಷ್ಟೋ ನೂರು ವರ್ಷ ಮೊದಲಿನ ಮಾತು ಇದು.

ಇನ್ನೊಂದು ಘಟನೆ ಹೇಳಲೇಬೇಕು. ಬಿಷಪ್ ಆಗಿದ್ದ ಹ್ಯೂ ಲ್ಯಾಟಿಮರ್ 1549ರಲ್ಲಿ ರಾಜ ಆರನೇ ಎಡ್ವರ್ಡ್‌ನ ಮುಂದೆ ಪ್ರಸಂಗ ಮಾಡುವಾಗ ತಮಗಾದ ಒಂದು ಅನುಭವ ಹೇಳಿದರು. ಹಬ್ಬದ ದಿನ ಒಂದು ಊರಿನಲ್ಲಿ ಪ್ರಸಂಗ ಮಾಡುತ್ತೇನೆ ಅಂತ ಮೊದಲೇ ಹೇಳಿ ಕಳಿಸಿದ್ದರು. ಹೋಗಿ ನೋಡಿದರೆ ಚರ್ಚಿನ ಬಾಗಿಲಿಗೆ ಬೀಗ. ಅರ್ಧ ಗಂಟೆಗೂ ಜಾಸ್ತಿ ಕಾದರು. ಕೊನೆಗೆ ಒಬ್ಬ ಬಂದು, ಇವತ್ತು ರಾಬಿನ್ ಹುಡ್‌ನ ದಿನ ಸ್ವಾಮೀ, ಊರವರೆಲ್ಲ ರಾಬಿನ್ ಹುಡ್‌ಗೆ ಹಣ ಎತ್ತಲು ಹೋಗಿದ್ದಾರೆ, ನಿಮ್ಮ ಮಾತು ಕೇಳುವುದಕ್ಕೆ ಆಗುವುದಿಲ್ಲ ಅಂದ. ಲ್ಯಾಟಿಮರ್ ದಾರಿ ಬಿಟ್ಟು ಹಿಂದೆ ಬರಬೇಕಾಯಿತು. ರಾಜನ ಮುಂದೆ ಇದನ್ನು ಹೇಳಿ, ಇದು ನಗುವ ವಿಷಯ ಅಲ್ಲ, ಅಳುವ ವಿಷಯ ಅಂದರು. ರಾಬಿನ್ ಹುಡ್‌ನನ್ನು ದ್ರೋಹಿ, ಕಳ್ಳ ಅಂತಲೇ ಕರೆದರು. ಆರು ವರ್ಷ ಆದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ನಂಬಿಕೆಗಾಗಿ ಅವರನ್ನು ಜೀವಂತ ಸುಟ್ಟರು. ಅಂಥವರ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು.


ಜಪಸರ:

ಬಲ್ಮಠದವರೇ, ನಾನು ಕಥೋಲಿಕಳು. ನಿಮಗೆ ಎಂಟನೆಯ ಆಜ್ಞೆ, ನಮಗೆ ಏಳನೆಯ ಕಟ್ಟಳೆ. ಎಣಿಕೆ ಬೇರೆ, ಮಾತು ಒಂದೇ. ಕದಿಯಬಾರದು. ಅದರಲ್ಲಿ ಜಗಳ ಇಲ್ಲ. ಆದರೆ ಕದಿಯುವುದು ಅಂದರೆ ಯಾವುದು ಅನ್ನುವುದನ್ನೂ ನಮ್ಮ ಹಿರಿಯರು ಯೋಚಿಸಿದ್ದಾರೆ.

ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದವರು. ರಾಬಿನ್ ಹುಡ್‌ನ ಕಥೆಗಳು ಹುಟ್ಟಿಕೊಳ್ಳುತ್ತಿದ್ದ ಕಾಲ ಅದರ ಹತ್ತಿರವೇ. ಪ್ರಾಣಕ್ಕೆ ಬಂದಂಥ ಕಷ್ಟ ಕಣ್ಣಿಗೆ ಕಾಣುತ್ತಿರುವಾಗ, ಬೇರೆ ದಾರಿಯೇ ಇಲ್ಲದಾಗ, ಇನ್ನೊಬ್ಬರದ್ದನ್ನು ತೆಗೆದುಕೊಂಡು ಹೊಟ್ಟೆ ತುಂಬಿಸಿಕೊಂಡರೆ ಅದು ಕಳ್ಳತನವೇ ಅಲ್ಲ ಅಂತ ಅವರು ಬರೆದಿದ್ದಾರೆ. ಅಂಥ ಕಷ್ಟದಲ್ಲಿರುವ ನೆರೆಯವನಿಗಾಗಿ ತೆಗೆದುಕೊಂಡರೂ ಹಾಗೇ ಅಂತಲೂ ಹೇಳಿದ್ದಾರೆ. ಅವರಿಗಿಂತ ಎಷ್ಟೋ ಮುಂಚೆ, 4ನೇ ಶತಮಾನದಲ್ಲಿ, ಸಂತ ಬಾಸಿಲರು ಇನ್ನೂ ಖಾರವಾಗಿ ಹೇಳಿದ್ದರು. ನೀನು ಮುಚ್ಚಿಟ್ಟುಕೊಂಡ ರೊಟ್ಟಿ ಹಸಿದವನದು, ನಿನ್ನ ಪೆಟ್ಟಿಗೆಯಲ್ಲಿರುವ ಬಟ್ಟೆ ಮೈ ಮುಚ್ಚಲು ಇಲ್ಲದವನದು ಅಂತ. ಹಾಗಾದರೆ ಮೊದಲು ಕದ್ದವರು ಯಾರು?

ಲಾವಣಿಯ ಮುಖ್ಯ ಕಥೆ ನೋಡಿ. ಒಬ್ಬ ನೈಟ್, ಅಂದರೆ ಕುದುರೆ ಏರುವ ಯೋಧ, ಸೊರಗಿ ಹೋಗಿ ಕಾಡಿನ ದಾರಿಯಲ್ಲಿ ಬರುತ್ತಾನೆ. ಅವನ ಜಮೀನು ಯಾರ್ಕ್‌ನ ಸಂತ ಮರಿಯಳ ಮಠಕ್ಕೆ ಒತ್ತೆ ಬಿದ್ದಿದೆ. 400 ಪೌಂಡ್ ಸಾಲ. ರಾಬಿನ್ ಅವನಿಗೆ ಊಟ ಹಾಕಿ, ನಿನ್ನ ಹತ್ತಿರ ಎಷ್ಟಿದೆ ಅಂತ ಕೇಳುತ್ತಾನೆ. 10 ಶಿಲ್ಲಿಂಗ್, ಅಂದರೆ ಅರ್ಧ ಪೌಂಡ್ ಅನ್ನುತ್ತಾನೆ. ಹುಡುಕಿದರೆ ಅಷ್ಟೇ ಇರುತ್ತದೆ. ನಿಜ ಹೇಳಿದ ಅಂತ ರಾಬಿನ್ 400 ಪೌಂಡ್ ಸಾಲ ಕೊಡುತ್ತಾನೆ. ಜಾಮೀನು ಯಾರು? ನನಗೆ ಯಾರೂ ಇಲ್ಲ, ಮಾತೆ ಮರಿಯಳೊಬ್ಬಳೇ ಅನ್ನುತ್ತಾನೆ ಆ ನೈಟ್. ಅದಕ್ಕಿಂತ ಒಳ್ಳೆಯ ಜಾಮೀನು ಇಂಗ್ಲೆಂಡಿನಲ್ಲೇ ಸಿಗುವುದಿಲ್ಲ ಅಂತ ರಾಬಿನ್ ಒಪ್ಪಿಕೊಳ್ಳುತ್ತಾನೆ. ಇದನ್ನು ಓದಿದಾಗ ನನ್ನ ಕಣ್ಣು ತುಂಬಿತು.

ಅತ್ತ ಮಠದಲ್ಲಿ ಏನಾಗುತ್ತಿದೆ? ಮಠಾಧಿಪತಿ ನ್ಯಾಯಾಧಿಕಾರಿಗೆ ಬಟ್ಟೆಬರೆ, ಸಂಬಳ ಕೊಟ್ಟು ತನ್ನ ಪಕ್ಕ ಕೂರಿಸಿಕೊಂಡಿದ್ದಾನೆ. ನೈಟ್ ಮಂಡಿಯೂರಿ ಇನ್ನಷ್ಟು ದಿನ ಗಡುವು ಕೇಳಿದರೆ ಒಪ್ಪುವುದಿಲ್ಲ. ಜಮೀನು ನುಂಗಲು ಕಾಯುತ್ತಿದ್ದಾನೆ. ಆಮೇಲೆ ಅದೇ ಮಠದ ಉಗ್ರಾಣದ ಸನ್ಯಾಸಿ ರಾಬಿನ್ ಕೈಗೆ ಸಿಕ್ಕಿ, ನನ್ನ ಹತ್ತಿರ ಇರುವುದು 20 ಮಾರ್ಕ್ (ಸುಮಾರು 13 ಪೌಂಡ್) ಅಂತಾನೆ. ಗಂಟು ಬಿಚ್ಚಿದರೆ 800 ಪೌಂಡಿಗೂ ಜಾಸ್ತಿ. ಮಾತೆ ಮರಿಯಳು ಎರಡರಷ್ಟು ತೀರಿಸಿದಳು ಅಂತ ರಾಬಿನ್ ಇಟ್ಟುಕೊಳ್ಳುತ್ತಾನೆ. ನೈಟ್ ಸಾಲ ತೀರಿಸಲು ಬಂದಾಗ ಮಾತ್ರ, ಒಂದೇ ಸಾಲಕ್ಕೆ ಎರಡು ಸಲ ಹಣ ತೆಗೆದುಕೊಂಡರೆ ನನಗೆ ನಾಚಿಕೆ ಅಂತ ಬೇಡ ಅನ್ನುತ್ತಾನೆ. ಮಠಾಧಿಪತಿ, ರಾಬಿನ್ ಇವರಿಬ್ಬರಲ್ಲಿ ಕ್ರೈಸ್ತನಂತೆ ನಡೆದುಕೊಂಡವರು ಯಾರು, ನೀವೇ ಹೇಳಿ.


ಬಲ್ಮಠದ ಮೊಮ್ಮಗ:

ಜಪಸರ ಅವರೇ, ಆ ಮಠಾಧಿಪತಿ ತಪ್ಪು ಅನ್ನುವುದರಲ್ಲಿ ನಾನು ನಿಮ್ಮ ಕಡೆಯೇ. ಲಾವಣಿಯಲ್ಲಿ ಅದೇ ಮಠದ ಪ್ರಯರ್ (ಮಠಾಧಿಪತಿಯ ಕೆಳಗಿನ ಹಿರಿಯ ಸನ್ಯಾಸಿ) ಕೂಡ, ನೈಟ್‌ನ ಜಮೀನು ಹೀಗೆ ಕಿತ್ತುಕೊಳ್ಳುವುದು ಅನ್ಯಾಯ ಅಂತ ಮರುಗುತ್ತಾನೆ. ಆದರೆ ಅಕ್ವಿನಾಸರ ಮಾತನ್ನು ಇಲ್ಲಿಗೆ ತರಬೇಡಿ. ಅವರು ಹೇಳಿದ್ದು ಹಸಿದವನ ವಿಷಯ. ಇಲ್ಲಿ ಹಸಿದವನು ಯಾರು? ಸಹಾಯ ಸಿಕ್ಕಿದ್ದು ಒಬ್ಬ ನೈಟ್‌ಗೆ. ಒಂದು ಕಾಲದಲ್ಲಿ 400 ಪೌಂಡ್ ಖರ್ಚು ಮಾಡುವಷ್ಟು ಇದ್ದವನಿಗೆ. ಸಾಲ ಆಗಿದ್ದಾದರೂ ಯಾಕೆ? ಅವನ ಮಗ ಇಬ್ಬರನ್ನು ಕೊಂದಿದ್ದ, ಮಗನನ್ನು ಉಳಿಸಿಕೊಳ್ಳಲು ಆಸ್ತಿ ಒತ್ತೆ ಇಟ್ಟ. ಅದರಲ್ಲಿ ಬಡವ ಎಲ್ಲಿದ್ದಾನೆ? ಕಾಡಿನಲ್ಲಿ ರಾಬಿನ್‌ನ ಊಟ ನೋಡಿ. ಜಿಂಕೆ ಮಾಂಸ, ಹಂಸ, ದ್ರಾಕ್ಷಾರಸ. ಹೊಟ್ಟೆಗಿಲ್ಲದೆ ಕದ್ದವರ ಊಟವಾ ಅದು?

ಲೂಕನ 19ನೇ ಅಧ್ಯಾಯದ ಜಕ್ಕಾಯನನ್ನು ನೆನಪಿಸಿಕೊಳ್ಳಿ. ಯೇಸುವನ್ನು ನೋಡಲು ಮರ ಹತ್ತಿದ ಶ್ರೀಮಂತ ಸುಂಕದವನು. ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಕೊಟ್ಟದ್ದು ತನ್ನದನ್ನು. ಯೇಸು ಅವನ ಮನೆಗೆ ಅತಿಥಿಯಾಗಿ ಹೋದರು. ಮನಸ್ಸು ಬದಲಾಯಿತು. ರಾಬಿನ್‌ನಿಂದ ಒದೆ ತಿಂದ ಯಾವ ಸನ್ಯಾಸಿಯ ಮನಸ್ಸು ಬದಲಾಯಿತು? ಒಬ್ಬನದೂ ಇಲ್ಲ.


ಕಾನೂನು ಓದುವವಳು:

ಒಂದು ಸಣ್ಣ ಮಾತು ಸೇರಿಸುತ್ತೇನೆ. ಔಟ್‌ಲಾ ಅಂದರೆ ಬರೀ ಕಳ್ಳ ಅಂತ ಅರ್ಥ ಅಲ್ಲ. ನ್ಯಾಯಸಭೆಗೆ ಪದೇ ಪದೇ ಕರೆದರೂ ಬಾರದವನನ್ನು ಕಾನೂನಿನ ಹೊರಗೆ ಇಡುತ್ತಿದ್ದರು. ಅವನ ಸ್ವತ್ತು ಹೋಯಿತು. ಹಳೇ ಕಾಲದಲ್ಲಿ ಅವನ ತಲೆ ತೋಳದ ತಲೆ ಇದ್ದ ಹಾಗೆ, ಯಾರು ಬೇಕಾದರೂ ಕೊಲ್ಲಬಹುದಿತ್ತು. ಇನ್ನು ಕಾಡಿನ ಜಿಂಕೆ ರಾಜನದು. 1217ರ ಅರಣ್ಯ ಸನ್ನದು ಬಂದ ಮೇಲೆ, ಜಿಂಕೆ ಕೊಂದದ್ದಕ್ಕೆ ಪ್ರಾಣ ತೆಗೆಯಬಾರದು, ಅಂಗ ಕಡಿಯಬಾರದು ಅಂತಾಯಿತು. ಅದಕ್ಕೆ ಮೊದಲು ಎಂಥ ಶಿಕ್ಷೆ ಇತ್ತು ಅಂತ ಇದರಿಂದಲೇ ಊಹಿಸಬಹುದು. ಸನ್ನದಿನ ನಂತರವೂ ದಂಡ ಕಟ್ಟಲು ಆಗದವನಿಗೆ ಒಂದು ವರ್ಷ ಒಂದು ದಿನ ಸೆರೆ.

ಅಧಿಕಾರಿಗಳಿಗೆ ಅಧೀನರಾಗಿರಿ ಅನ್ನುವ ರೋಮಾಪುರದವರಿಗೆ 13ನೇ ಅಧ್ಯಾಯವನ್ನು ಯಾರಾದರೂ ಎತ್ತುತ್ತಾರೆ ಅಂತ ಗೊತ್ತಿದೆ. ಅದರ ಪಕ್ಕದಲ್ಲಿ ಅಗಸ್ಟೀನರ ಇನ್ನೊಂದು ಮಾತನ್ನೂ ಇಟ್ಟುಕೊಳ್ಳಿ. ನ್ಯಾಯ ಇಲ್ಲದ ರಾಜ್ಯ ದೊಡ್ಡ ದರೋಡೆಯಲ್ಲದೆ ಇನ್ನೇನು ಅಂತ ಕೇಳಿದವರೂ ಅವರೇ.


ಮಲೆನಾಡಿನ ಟೀಚರ್:

ಅಕ್ಕಾ, ನನಗೆ ಈ ಕಥೆ ಓದಿದಾಗೆಲ್ಲ ದಾವೀದ ನೆನಪಾಗುತ್ತಾನೆ. 1 ಸಮುವೇಲ 22 ತೆಗೆದು ನೋಡಿ. ರಾಜ ಸೌಲನಿಂದ ತಪ್ಪಿಸಿಕೊಂಡು ದಾವೀದ ಅದುಲ್ಲಾಮಿನ ಗವಿಯಲ್ಲಿ ಇದ್ದಾನೆ. ಕಷ್ಟದಲ್ಲಿದ್ದವರು, ಸಾಲಗಾರರು, ಮನಸ್ಸು ಕಹಿಯಾದವರು ಎಲ್ಲ ಅವನ ಹತ್ತಿರ ಸೇರುತ್ತಾರೆ. ಸುಮಾರು 400 ಜನ. ರಾಜನ ಕಣ್ಣಲ್ಲಿ ದಾವೀದನೂ ಕಾಡು ಸೇರಿದ ಅಪರಾಧಿಯೇ. ನಾವು ಅವನ ಕೀರ್ತನೆಗಳನ್ನು ಪ್ರತಿ ಭಾನುವಾರ ಹಾಡುತ್ತೇವೆ. ಹಾಗಾಗಿ ಕಾಡು ಸೇರಿದ ಅನ್ನುವ ಒಂದೇ ಕಾರಣಕ್ಕೆ ರಾಬಿನ್‌ನನ್ನು ತಳ್ಳಿಹಾಕಬೇಡಿ.

ಇದೇ ದಾವೀದನಿಗೆ ಸೌಲ ಗವಿಯಲ್ಲಿ ಒಬ್ಬನೇ ಸಿಕ್ಕಾಗ ಬಟ್ಟೆಯ ಅಂಚು ಕತ್ತರಿಸಿ ಬಿಟ್ಟುಬಿಡುತ್ತಾನೆ. ಅಷ್ಟಕ್ಕೇ ಅವನ ಮನಸ್ಸು ಚುಚ್ಚುತ್ತದೆ. ನಾಬಾಲ ಅನ್ನುವ ಶ್ರೀಮಂತನ ಮೇಲೆ ಸಿಟ್ಟು ಬಂದು ಕತ್ತಿ ಕಟ್ಟಿಕೊಂಡು ಹೊರಟಾಗ ನಾಬಾಲನ ಹೆಂಡತಿ ಅಬೀಗೈಲಳು ಅಡ್ಡ ಬಂದು ತಡೆಯುತ್ತಾಳೆ. ಅವನು ಒಬ್ಬ ಹೆಂಗಸಿನ ಮಾತು ಕೇಳಿ ನಿಲ್ಲುತ್ತಾನೆ. ರಾಬಿನ್‌ನಲ್ಲಿ ಇಂಥ ಗುಣ ಇದೆಯಾ? ಲೀಡ್ಸ್ ಅಣ್ಣ ಹೇಳಬೇಕು.


ಲೀಡ್ಸ್ ಕನ್ನಡಿಗ:

ಟೀಚರ್, ನೀವು ಕೇಳಿದ ಮೇಲೆ ಹೇಳದೆ ಇರಲು ಆಗುವುದಿಲ್ಲ. ಮೊದಲ ಸಲ ಬರೆದಾಗ ಈ ಭಾಗವನ್ನು ಬಿಟ್ಟಿದ್ದೆ. ಮಕ್ಕಳ ನಾಟಕದ ಮಾತಲ್ವಾ, ಯಾಕೆ ಸುಮ್ನೆ ಅಂತ. ಬಿಟ್ಟಿದ್ದು ತಪ್ಪು.

ಸುಮಾರು 1450ರಲ್ಲಿ ಬರೆದಿಟ್ಟ ಒಂದು ಲಾವಣಿಯ ಹಸ್ತಪ್ರತಿ ಕೇಂಬ್ರಿಜ್‌ನಲ್ಲಿ ಇದೆ. ಉಳಿದಿರುವ ರಾಬಿನ್ ಹುಡ್ ಲಾವಣಿಗಳಲ್ಲಿ ಅತಿ ಹಳೆಯದು ಅಂತ ಅದನ್ನೇ ಹೇಳುತ್ತಾರೆ. ಪೆಂತಕೋಸ್ತ್ ಹಬ್ಬದ ದಿನಗಳ ಒಂದು ಬೆಳಿಗ್ಗೆ ಅದು ಶುರುವಾಗುತ್ತದೆ. ಹಕ್ಕಿ ಹಾಡುತ್ತಿವೆ, ಎಲೆ ಚಿಗುರಿವೆ. ಪೂಜೆ ಕೇಳಿ ಹದಿನೈದು ದಿನಕ್ಕೂ ಮೇಲಾಯಿತು, ನನ್ನ ರಕ್ಷಕನನ್ನು ನೋಡಿಲ್ಲ ಅಂತ ರಾಬಿನ್ ಸಂಕಟಪಡುತ್ತಾನೆ. ನಾಟಿಂಗ್‌ಹ್ಯಾಮ್‌ನ ಸಂತ ಮರಿಯಳ ಚರ್ಚಿಗೆ ಹೋಗುತ್ತೇನೆ ಅಂತ ಹೊರಡುತ್ತಾನೆ. ದಾರಿಯಲ್ಲಿ ತನ್ನ ಗುಂಪಿನ ಗೆಳೆಯ ಲಿಟಲ್ ಜಾನ್ ಜೊತೆ ಬಾಣದ ಪಂದ್ಯ ಕಟ್ಟುತ್ತಾನೆ. ಜಾನ್ 5 ಶಿಲ್ಲಿಂಗ್ ಗೆಲ್ಲುತ್ತಾನೆ. ರಾಬಿನ್ ಕೊಡುವುದಿಲ್ಲ. ಸುಳ್ಳು ಅಂತ ಹೇಳಿ ಜಾನ್‌ಗೆ ಹೊಡೆಯುತ್ತಾನೆ. ಜಾನ್ ಮುನಿಸಿಕೊಂಡು ಹೋಗಿಬಿಡುತ್ತಾನೆ. ನೈಟ್‌ಗೆ 400 ಪೌಂಡ್ ಎಣಿಸಿಕೊಟ್ಟವನು ಗೆಳೆಯನಿಗೆ 5 ಶಿಲ್ಲಿಂಗ್ ಕೊಡಲು ಜಗಳ ಆಡುತ್ತಾನೆ. ಬೇರೆ ಬೇರೆ ಲಾವಣಿ ನಿಜ, ಆದರೂ ನನಗೆ ಹಾಗೇ ಅನಿಸಿತು.

ಚರ್ಚಿನಲ್ಲಿ ಶಿಲುಬೆಯ ಮುಂದೆ ಮಂಡಿಯೂರಿದಾಗ ಒಬ್ಬ ಸನ್ಯಾಸಿ ಅವನ ಗುರುತು ಹಿಡಿಯುತ್ತಾನೆ. ಹಿಂದೊಮ್ಮೆ ರಾಬಿನ್ ಅವನಿಂದ 100 ಪೌಂಡ್ ದೋಚಿದ್ದ. ಆ ಸನ್ಯಾಸಿ ರಾಜನ ಅಧಿಕಾರಿಯಾದ ಶೆರಿಫನಿಗೆ ಸುದ್ದಿ ಕೊಡುತ್ತಾನೆ. ಶೆರಿಫನ ಜನ ಬಾಗಿಲು ನೂಕಿ ನುಗ್ಗುತ್ತಾರೆ. ರಾಬಿನ್ 12 ಜನರನ್ನು ಕೊಲ್ಲುತ್ತಾನೆ, ಕತ್ತಿ ಮುರಿದು ಸಿಕ್ಕಿಬೀಳುತ್ತಾನೆ.

ಸುದ್ದಿ ಮುಟ್ಟಿಸಲು ಆ ಸನ್ಯಾಸಿ ಪತ್ರ ಹಿಡಿದು ರಾಜನ ಹತ್ತಿರ ಹೊರಡುತ್ತಾನೆ. ಜೊತೆಗೆ ಒಬ್ಬ ಸೇವಕ ಹುಡುಗ. ಚಿಕ್ಕವನು. ಜಾನ್ ಮತ್ತು ರಾಬಿನ್‌ನ ಗುಂಪಿನ ಇನ್ನೊಬ್ಬ, ಮಚ್, ಇವರಿಬ್ಬರೂ ಆ ಸನ್ಯಾಸಿಯನ್ನೂ ಹುಡುಗನನ್ನೂ ದಾರಿಯಲ್ಲಿ ಹಿಡಿಯುತ್ತಾರೆ. ಸನ್ಯಾಸಿಯನ್ನು ಕುದುರೆಯಿಂದ ಕೆಳಗೆ ಎಳೆಯುತ್ತಾರೆ. ಅವನು ಕೈ ಮುಗಿದು ಪ್ರಾಣ ಕೇಳುತ್ತಾನೆ. ಜಾನ್ ತಲೆ ಕಡಿಯುತ್ತಾನೆ. ಆಮೇಲೆ ಮಚ್ ಆ ಹುಡುಗನ ತಲೆಯನ್ನೂ ಕಡಿಯುತ್ತಾನೆ. ಯಾಕೆ? ಅವನು ಎಲ್ಲಿ ಹೇಳಿಬಿಡುತ್ತಾನೋ ಅನ್ನುವ ಭಯಕ್ಕೆ. ಇಬ್ಬರನ್ನೂ ಅಲ್ಲೇ ಹೂಳುತ್ತಾರೆ.

ಹುಡುಗನ ಸಾವಿಗೆ ಲಾವಣಿಯಲ್ಲಿ ಇರುವುದು ಎರಡೇ ಸಾಲು. ಹೆಸರಿಲ್ಲ. ಯಾರೂ ಅಳುವುದಿಲ್ಲ. ಜಾನ್ ಆ ಪತ್ರವನ್ನು ತಾನೇ ರಾಜನಿಗೆ ಕೊಟ್ಟು, ಇನಾಮಿನ ಜೊತೆ ರಾಜನ ಮುದ್ರೆಯನ್ನೂ ಪಡೆದು, ಸೆರೆಮನೆಗೆ ಹೋಗಿ ರಾಬಿನ್‌ನನ್ನು ಬಿಡಿಸುತ್ತಾನೆ. ಆಮೇಲೆ ಎಲ್ಲರೂ ಎಲೆಗಳ ನೆರಳಿನಲ್ಲಿ ಕೂತು ದ್ರಾಕ್ಷಾರಸ ಕುಡಿದು, ಜಿಂಕೆ ಮಾಂಸದ ಕಡುಬು ತಿಂದು ಸಂತೋಷಪಡುತ್ತಾರೆ. ಜಾನ್‌ನಷ್ಟು ನಿಯತ್ತಿನ ಆಳು ಇಂಗ್ಲೆಂಡಿನಲ್ಲೇ ಇಲ್ಲ ಅಂತ ರಾಜ ಹೊಗಳುತ್ತಾನೆ. ಕಥೆ ಮುಗಿಯಿತು.

ಹೋದ ವರ್ಷ ನಾನು ನಾಟಿಂಗ್‌ಹ್ಯಾಮ್‌ನ ಆ ಚರ್ಚಿಗೆ ಹೋಗಿದ್ದೆ. ಈಗಲೂ ಆರಾಧನೆ ನಡೆಯುತ್ತದೆ. ಹಿಂದಿನ ಸಾಲಿನಲ್ಲಿ ಕೂತಿದ್ದೆ. ರಾಬಿನ್ ಮಂಡಿಯೂರಿದ್ದು ನೆನಪಾಗಲಿಲ್ಲ. ಆ ಹುಡುಗ ನೆನಪಾದ.


ಜಪಸರ:

ಅಣ್ಣಾ, ಇದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಓದಿದೆ, ಇಡೀ ದಿನ ಏನೂ ಬರೆಯಲು ಆಗಲಿಲ್ಲ.

ಮೊದಲು ಅವನ ಪರವಾಗಿಯೇ ಯೋಚಿಸಿದೆ. ಆ ಹೊತ್ತಿಗೆ ರಾಬಿನ್ ಸೆರೆಯಲ್ಲಿದ್ದ. ಕಡಿದವನು ಮಚ್. ಹೇಳಿದವರು ಯಾರೂ ಇಲ್ಲ. ಆದರೆ ಅವರು ಕೊಂದದ್ದು ಅವನಿಗಾಗಿಯೇ. ಬಿಡುಗಡೆ ಆದ ಮೇಲೆ, ರಾಜನ ಮುದ್ರೆ ನಿಮಗೆ ಹೇಗೆ ಸಿಕ್ಕಿತು ಅಂತ ಅವನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ಮಾತೆ ಮರಿಯಳ ಮೇಲಿನ ಪ್ರೀತಿಗೆ ಹೆಂಗಸರಿಗೆ ಕೇಡು ಮಾಡುವುದಿಲ್ಲ ಅಂದವನು ಅವನು. ಆ ಹುಡುಗನಿಗೂ ಒಬ್ಬ ತಾಯಿ ಇದ್ದಳಲ್ವಾ? ಮಗ ಸನ್ಯಾಸಿಗಳ ಹತ್ತಿರ ಕೆಲಸಕ್ಕೆ ಸೇರಿದ, ಎರಡು ಹೊತ್ತು ಊಟಕ್ಕೆ ತೊಂದರೆ ಇಲ್ಲ ಅಂದುಕೊಂಡಿರುತ್ತಾಳೆ. ಅವನನ್ನು ಎಲ್ಲಿ ಹೂತರು ಅಂತಲೂ ಅವಳಿಗೆ ತಿಳಿಯಲಿಲ್ಲ. ಮಾತೆ ಮರಿಯಳಿಗೆ ತನ್ನ ಮಗನ ದೇಹ ಮಡಿಲಿಗಾದರೂ ಸಿಕ್ಕಿತು. ನಾನು ದಿನಾ ಜಪಸರ ಹಿಡಿಯುವವಳು. ನಿನ್ನೆ ರಾತ್ರಿ ವ್ಯಾಕುಲದ ರಹಸ್ಯಗಳನ್ನು ಹೇಳುವಾಗ ಆ ಹೆಸರಿಲ್ಲದ ತಾಯಿಗಾಗಿ ಒಂದು ಮಣಿ ಬಿಟ್ಟುಕೊಟ್ಟೆ.

ಬಲ್ಮಠದವರೇ, ನೀವು ಕೇಳಿದ್ದು ಸರಿ. ಇಲ್ಲಿ ಬಡವ ಯಾರು ಅಂತ. ಇಡೀ ಕಥೆಯಲ್ಲಿ ನಿಜವಾಗಿ ಬಡವ ಆ ಹುಡುಗನೊಬ್ಬನೇ.


ಮಲೆನಾಡಿನ ಟೀಚರ್:

ನಾನು ದಾವೀದನ ಹೋಲಿಕೆ ತಂದೆ. ಅದನ್ನು ಅರ್ಧಕ್ಕೆ ಬಿಟ್ಟರೆ ತಪ್ಪಾಗುತ್ತದೆ.

ಅದೇ 22ನೇ ಅಧ್ಯಾಯ ಮುಂದೆ ಓದಿ. ಓಡಿಹೋಗುವಾಗ ದಾವೀದ ನೋಬಿನಲ್ಲಿ ಯಾಜಕ ಅಹೀಮೆಲೆಕನ ಹತ್ತಿರ ಸುಳ್ಳು ಹೇಳಿ ರೊಟ್ಟಿ, ಕತ್ತಿ ತೆಗೆದುಕೊಂಡಿದ್ದ. ಅದಕ್ಕೆ ಸೌಲ 85 ಯಾಜಕರನ್ನು ಕೊಲ್ಲಿಸುತ್ತಾನೆ. ಊರಿನ ಹೆಂಗಸರು, ಮೊಲೆ ಕುಡಿಯುವ ಕೂಸುಗಳನ್ನೂ ಬಿಡುವುದಿಲ್ಲ. ತಪ್ಪಿಸಿಕೊಂಡು ಬಂದ ಅಹೀಮೆಲೆಕನ ಮಗ ಎಬ್ಯಾತಾರ ಸುದ್ದಿ ಹೇಳಿದಾಗ ದಾವೀದ ಏನನ್ನುತ್ತಾನೆ? ಕೊಂದವನು ಸೌಲ ಅನ್ನುವುದಿಲ್ಲ. ನಿನ್ನ ತಂದೆಯ ಮನೆಯವರ ಸಾವಿಗೆ ನಾನೇ ಕಾರಣ ಅನ್ನುತ್ತಾನೆ. ನನ್ನ ಹತ್ತಿರ ಇರು, ಹೆದರಬೇಡ ಅನ್ನುತ್ತಾನೆ. ಅವನ ಕೈಯಲ್ಲಿ ಒಂದು ಹನಿ ರಕ್ತ ಇರಲಿಲ್ಲ. ಆದರೂ ಹೊಣೆ ಹೊತ್ತ.

ರಾಜನಾದ ಮೇಲೆ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡು ಅವನನ್ನು ಕೊಲ್ಲಿಸಿದಾಗ ದಾವೀದ ತಾನಾಗಿ ಒಪ್ಪಲಿಲ್ಲ, ಅದೂ ನಿಜ. ಆಗ ಪ್ರವಾದಿ ನಾತಾನ ಬಂದ. ಅವನು ಹೇಳಿದ್ದು ಯಾವ ಕಥೆ ನೋಡಿ. ಶ್ರೀಮಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆ. ದಾವೀದ ಸಿಟ್ಟಿಗೆದ್ದು, ಅವನು ನಾಲ್ಕರಷ್ಟು ಕೊಡಲಿ ಅಂದ. ಆ ಮನುಷ್ಯ ನೀನೇ ಅಂದ ನಾತಾನ.

ರಾಬಿನ್‌ನ ಕಾಡಿಗೆ ನಾತಾನ ಬರಲಿಲ್ಲ. ಬಂದಿದ್ದರೆ ಬೈಯಲು ಶೆರಿಫ್ ಬೇಕಿರಲಿಲ್ಲ, ಮಠಾಧಿಪತಿ ಬೇಕಿರಲಿಲ್ಲ. ಆ ಸೇವಕ ಹುಡುಗನ ಕಥೆಯನ್ನೇ ಹೇಳಿದ್ದರೆ ಸಾಕಿತ್ತು. ಅವನಿಗೆ ಭಕ್ತಿ ಇತ್ತು, ಮಾತಿಗೆ ಬೆಲೆ ಇತ್ತು, ಮನಸ್ಸು ಕರಗುತ್ತಿತ್ತು. ಆದರೆ ದಿನಕ್ಕೆ ಮೂರು ಪೂಜೆ ಹೇಳಿದ ಯಾಜಕರಲ್ಲಿ ಒಬ್ಬರೂ ಆ ಮಾತು ಹೇಳಿದ ಹಾಗಿಲ್ಲ.


ಹೊಸ ಸದಸ್ಯ:

ಇಷ್ಟೆಲ್ಲ ಯಾಕೆ? ಜಕ್ಕಾಯನ ನಾಟಕ ಮಾಡಿಸಿ. ಮಕ್ಕಳಿಗೆ ಮರ ಹತ್ತುವುದೂ ಇಷ್ಟ ಆಗುತ್ತದೆ.


ಬಲ್ಮಠದ ಮೊಮ್ಮಗ:

ಒಂದು ವಾರದ ಹಿಂದೆ ನಾನೂ ಹಾಗೇ ಹೇಳುತ್ತಿದ್ದೆ. ಈಗ ಅಷ್ಟು ಸುಲಭಕ್ಕೆ ಹೇಳಲು ಆಗುತ್ತಿಲ್ಲ.

ಲೀಡ್ಸ್ ಅಣ್ಣ ಹೇಳಿದ ಲಾವಣಿಗಳನ್ನು ಹುಡುಕಿ ನಿಧಾನವಾಗಿ ಓದಿದೆ. ಸಾವಿನ ಲಾವಣಿಯಲ್ಲಿ ಸಿಕ್ಕಿಹಾಕಿಕೊಂಡೆ. ರಾಬಿನ್‌ಗೆ ಹುಷಾರಿಲ್ಲ. ರಕ್ತ ತೆಗೆಸಿಕೊಳ್ಳಲು ಕರ್ಕ್‌ಲೀಸ್ ಕನ್ಯಾಮಠಕ್ಕೆ ಹೋಗುತ್ತಾನೆ. ಅಲ್ಲಿಯ ಮುಖ್ಯಸ್ಥೆ ಅವನ ಸಂಬಂಧಿಯೇ. ಅವಳು ಮೋಸ ಮಾಡಿ ರಕ್ತ ಹರಿಯಲು ಬಿಟ್ಟುಬಿಡುತ್ತಾಳೆ. ಸಾಯುತ್ತಿರುವಾಗ ಅವನು ಪರಮಪ್ರಸಾದ ಕೇಳುತ್ತಾನೆ. ಜಾನ್ ಬಂದು, ಅಪ್ಪಣೆ ಕೊಡು, ಈ ಮಠಕ್ಕೆ ಬೆಂಕಿ ಇಡುತ್ತೇನೆ ಅನ್ನುತ್ತಾನೆ. ರಾಬಿನ್ ಬೇಡ ಅನ್ನುತ್ತಾನೆ. ಕೊನೆಗಾಲದಲ್ಲಿ ಒಬ್ಬ ಹೆಂಗಸಿಗೆ ಕೇಡು ಮಾಡಿದರೆ ದೇವರು ಮೆಚ್ಚುವುದಿಲ್ಲ ಅಂತಾನೆ. ಕೊಲ್ಲುತ್ತಿರುವವಳನ್ನೇ ಬಿಟ್ಟುಬಿಡುತ್ತಾನೆ.

ಶೆರಿಫನ ತಲೆ ಕಡಿದವನು ಇವನು. ಗಿಸ್ಬೋರ್ನ್‌ನ ಗೈ ಅನ್ನುವವನನ್ನು ಕೊಂದು, ಗುರುತು ಸಿಗದ ಹಾಗೆ ಚಾಕುವಿನಿಂದ ಮುಖ ಕೊಯ್ದವನು ಇವನು. ಅಂಥವನು ಕೊನೆಗೆ ಜಾನ್‌ನ ಕೈ ಹಿಡಿದು ತಡೆದ. ಹಿಂದೊಮ್ಮೆ ದಾರಿಯಲ್ಲಿ ಯಾರಾದರೂ ಮಚ್‌ನ ಕೈ ಹೀಗೇ ಹಿಡಿದಿದ್ದರೆ ಅಂತ ಓದುವಾಗ ಅನಿಸಿತು. ದೊಡ್ಡ ಲಾವಣಿ ಹಾಡಿದವನೂ ಕೊನೆಯಲ್ಲಿ, ಅವನು ಸ್ವರ್ಗಕ್ಕೆ ಹೋದ ಅನ್ನುವುದಿಲ್ಲ. ಶಿಲುಬೆಯ ಮೇಲೆ ಸತ್ತ ಕ್ರಿಸ್ತನು ಅವನ ಆತ್ಮದ ಮೇಲೆ ಕರುಣೆ ಇಡಲಿ ಅಂತ ಬೇಡಿಕೊಳ್ಳುತ್ತಾನೆ. ಆ ಶಿಲುಬೆಯ ಪಕ್ಕದಲ್ಲೂ ಒಬ್ಬ ಕಳ್ಳನಿದ್ದ. ನಮಗೆ ಸಿಕ್ಕಿದ್ದು ನ್ಯಾಯವೇ ಅಂತ ಅವನು ಒಪ್ಪಿಕೊಂಡ. ರಾಬಿನ್ ಅಷ್ಟು ಹೇಳಿದನಾ ಅಂತ ಲಾವಣಿಯಲ್ಲಿ ಹುಡುಕಿದೆ. ಆ ಮಾತು ಸಿಗಲಿಲ್ಲ. ನನಗೆ ನಿಜವಾಗಿ ಬೇಸರವಾಯಿತು.

ಅಕ್ಕಾ, ನಾಟಕ ನಿಲ್ಲಿಸಬೇಡಿ. ಆದರೆ ಆ ಹುಡುಗನನ್ನು ಬಿಡಬೇಡಿ.


ಯುವಸಂಘದ ಅಕ್ಕ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ನಾಟಕ ಆಯಿತು.

ತಲೆ ಕಡಿಯುವುದನ್ನೆಲ್ಲ ತೋರಿಸಲಿಲ್ಲ. ಚಿಕ್ಕ ಮಕ್ಕಳು ಇರುತ್ತಾರೆ. ಸನ್ಯಾಸಿ ಮತ್ತು ಹುಡುಗ ದಾರಿಯಲ್ಲಿ ಬರುತ್ತಾರೆ, ಜಾನ್, ಮಚ್ ಅಡ್ಡ ನಿಲ್ಲುತ್ತಾರೆ, ಲೈಟ್ ಆಫ್. ಮತ್ತೆ ಬೆಳಕು ಬಂದಾಗ ಹುಡುಗನ ಟೋಪಿ ನೆಲದ ಮೇಲೆ ಇರುತ್ತದೆ. ಆಮೇಲಿನ ದೃಶ್ಯ ಎಲ್ಲ, ಸೆರೆ ಬಿಡಿಸುವುದು, ಕಾಡಿನ ಊಟ, ಆ ಟೋಪಿ ಅಲ್ಲೇ ಬಿದ್ದಿರುವಾಗಲೇ ನಡೆಯಿತು. ಟೀಚರ್ ಹೇಳಿದ ಹಾಗೆ ಒಬ್ಬರು ಬಂದು ರಾಬಿನ್‌ಗೆ ಹೇಳುವ ದೃಶ್ಯ ಸೇರಿಸೋಣ ಅಂದುಕೊಂಡಿದ್ದೆ. ಮಕ್ಕಳು ಬೇಡ ಅಂದರು. ಅವನು ಕೇಳಲಿಲ್ಲ ಅಂದ ಮೇಲೆ ನಾವ್ಯಾಕೆ ಸೇರಿಸೋದು ಮಿಸ್ ಅಂದರು. ಅದೂ ಸರಿ ಅನಿಸಿತು. ನೈಟ್‌ನ ಸಾಲ, ಮಾತೆ ಮರಿಯಳ ಜಾಮೀನು ಎಲ್ಲ ಇತ್ತು. ಕರ್ಕ್‌ಲೀಸ್‌ನಲ್ಲಿ ಜಾನ್‌ನನ್ನು ತಡೆಯುವುದೂ ಇತ್ತು.

ಸೇವಕ ಹುಡುಗನ ಪಾತ್ರ ಮಾಡಿದವನು ಒಂಬತ್ತು ವರ್ಷದವನು. ಪ್ರಾಕ್ಟೀಸ್ ದಿನದಿಂದ ಒಂದೇ ಪ್ರಶ್ನೆ, ನನ್ನ ಹೆಸರೇನು ಅಂತ. ಕಥೆಯಲ್ಲಿ ಹೆಸರಿಲ್ಲ ಪುಟ್ಟಾ ಅಂದೆ. ಹಾಗಾದ್ರೆ ನನ್ನ ಹೆಸರೇ ಇಟ್ಕೊಳ್ತೀನಿ ಅಂದ. ಇಟ್ಟುಕೊಂಡ.

ಆ ಹಿರಿಯರು ಬಂದಿದ್ದರು. ಈ ಸಲ ಮುಂದಿನ ಬೆಂಚಿನಲ್ಲೇ ಕೂತಿದ್ದರು. ಎಲ್ಲ ಮುಗಿದು ಮಕ್ಕಳು ಟೀ ಬಿಸ್ಕೆಟ್‌ಗೆ ಓಡಿದ ಮೇಲೆ ಅವರು ಮೆಲ್ಲಗೆ ಎದ್ದು, ವೇದಿಕೆ ಹತ್ತಿ, ಆ ಟೋಪಿ ಎತ್ತಿಕೊಂಡು ಬಂದು ಹುಡುಗನ ಕೈಗೆ ಕೊಟ್ಟರು.